ಎಂಟು ಇಂಚಿನ ಅಂತರದಲ್ಲಿ ಮೂವರು ಅಕ್ಕಂದಿರು

ಹಾನಗಲ್ಲಿನ ಉಪನೋಂದಣಿ ಕಚೇರಿಯ ಎದುರು, ಬೇವಿನ ಗಿಡದ ಕೆಳಗೆ ಕುಳಿತು ನಾನು ಮೂವತ್ತೊಂದು ವರ್ಷಗಳಿಂದ ದಸ್ತಾವೇಜು ಬರೆಯುತ್ತ ಬಂದಿದ್ದೇನೆ. ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಬಕ್ಷೀಸು ಪತ್ರ, ಹಕ್ಕು ಬಿಟ್ಟ ಪತ್ರ, ಏನು ಬೇಕಾದರೂ ಸರಿ. ಒಂದು ಪದದ ಅರ್ಥ ತಿಳಿಯದೆ ನಾನು ತಬ್ಬಿಬ್ಬಾದ ಉದಾಹರಣೆ ಈ ತಾಲೂಕಿನಲ್ಲಿ ಇಲ್ಲ. ಆದ್ದರಿಂದ ಹುಬ್ಬಳ್ಳಿಯ ಅಂಗಡಿಯವನು ಹೊಸ ಡಿಜಿಟಲ್ ಕ್ಯಾಮೆರಾದ ಡಬ್ಬಿಯನ್ನು ನನ್ನ ಕೈಗಿಡುತ್ತ, "ಕಾಕಾರ, ಇದರಾಗ ಸ್ವಲ್ಪ ಟೆಕ್ನಿಕಲ್ ಶಬ್ದ ಅದಾವ್ರಿ, ತಿಳಕೊಂಡು ಬಳಸ್ರಿ" ಎಂದಾಗ ನನಗೆ ನಗು ಬಂತು. ಶಬ್ದದ ವಿಷಯದಲ್ಲಿ ಎಚ್ಚರಿಕೆ ಹೇಳುವುದಕ್ಕೆ ಅವನಿಗೆ ನಾನೇ ಸಿಗಬೇಕೆ?

ಈ ಕ್ಯಾಮೆರಾ ನಮ್ಮ ಮನೆಗೆ ಬಂದ ಕಾರಣವನ್ನು ಮೊದಲು ದಾಖಲು ಮಾಡಬೇಕು. ನನಗೆ ಮೂವರು ಅಕ್ಕಂದಿರು. ಹಿರಿಯವಳು ಗೌರಕ್ಕ, ಸವಣೂರಿಗೆ ಕೊಟ್ಟದ್ದು. ನಡುವಿನವಳು ನೀಲಕ್ಕ, ಶಿಗ್ಗಾವಿ. ಮೂರನೆಯವಳು ಶಾಂತಕ್ಕ, ಹಿರೇಕೆರೂರು. ಕೊನೆಯವನು ನಾನು, ಚನ್ನಬಸಪ್ಪ, ತವರುಮನೆಯ ವಾರಸುದಾರ. ಆಷಾಢದಲ್ಲಿ ಒಂದು ದಿನ ಗೌರಕ್ಕ ಫೋನು ಮಾಡಿದಳು.

"ತಮ್ಮಾ, ಶುಗರ್ ಕಣ್ಣಿಗೆ ಇಳದೈತಂತ. ಡಾಕ್ಟರು ಸೂಜಿ ಮಾಡ್ತೇನಿ ಅಂದಾರ. ಆದ್ರ ಖಾತ್ರಿ ಕೊಡಂಗಿಲ್ಲ ಅಂದ್ರು. ಕಣ್ಣು ಇರೂದ್ರೊಳಗ ನಾವು ನಾಕೂ ಮಂದಿ ಕೂಡಿದ್ದೊಂದು ಫೋಟೋ ನೋಡಬೇಕು ಅನಸ್ತೈತಿ. ಪಂಚಮಿಗೆ ಹೆಂಗೂ ಎಲ್ಲಾರೂ ಬರ್ತೇವಲ್ಲ."

ನಾಲ್ವರೂ ಇರುವ ಫೋಟೋ ಒಂದು ಇದೆಯಲ್ಲ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಇದ್ದದ್ದು ಎಂಥ ಫೋಟೋ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಅಪ್ಪ ತೀರಿಕೊಂಡ ವರ್ಷ ಆಡೂರು ದಾರಿಯ ಹೊಲದ ಮೇಲಿನ ಹಕ್ಕನ್ನು ಅಕ್ಕಂದಿರು ನನಗೆ ಬಿಟ್ಟುಕೊಟ್ಟರು. ನಮ್ಮ ಕಡೆ ಹೆಣ್ಣುಮಕ್ಕಳು ಹೊಲ ಬಿಡುವುದು ತವರಿನ ಹಾದಿ ಉಳಿಸಿಕೊಳ್ಳುವುದಕ್ಕೆ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ, ರೂಢಿ. ಪತ್ರವನ್ನು ಬರೆದವನು ನಾನೇ. ಹಾಳೆಯ ಹಿಂಬದಿಯಲ್ಲಿ ನಾಲ್ವರ ಮುಖಗಳು ನಾಲ್ಕು ಚೌಕದಲ್ಲಿವೆ, ಒಂದೊಂದರ ಪಕ್ಕದಲ್ಲಿ ಒಂದೊಂದು ಹೆಬ್ಬೆಟ್ಟು. ನಗಬಾರದು, ಸೆರಗು ಹಿಂದೆ ಸರಿಸಬೇಕು, ಗದ್ದ ಮೇಲೆ ಮಾಡಬೇಕು ಎಂದು ಅವರನ್ನು ಕೂಡಿಸಿದವನೂ ನಾನೇ. ಶಾಂತಕ್ಕ ಒಮ್ಮೆ ಅದನ್ನು ನೋಡಿ, "ನಮ್ಮನ್ನ ಪೊಲೀಸರು ಹಿಡಕೊಂಡು ಬಂದಂಗ ಕಾಣ್ತೈತಿ" ಎಂದಿದ್ದಳು.

ಹೀಗಾಗಿ ಗೌರಕ್ಕ ಕೇಳಿದ ಫೋಟೋ ಚೆನ್ನಾಗಿ ಬರಲೇಬೇಕಿತ್ತು.

"ನನ್ನ ಫೋನಿನ್ಯಾಗ ತಗೀತೇನಿ ತಗೋರಿ, ಅದಕ್ಕೇನು ದೊಡ್ಡ ಮಾತು" ಎಂದಳು ನನ್ನ ಹೆಂಡತಿ ಗಿರಿಜಾ.

"ಫೋನಿನ ಫೋಟೋ ಅಂದ್ರ ಝೆರಾಕ್ಸ್" ಎಂದೆ. "ಅಕ್ಕಗ ಅಸಲು ಪ್ರತಿ ಬೇಕು."

ಕ್ಯಾಮೆರಾ ಬಂತು. ಪಂಚಮಿಗೆ ಇನ್ನೂ ಹದಿನೈದು ದಿನ ಇತ್ತು. ಬೇರೆಯವರಾಗಿದ್ದರೆ ಡಬ್ಬಿ ಒಡೆದವರೇ ಗುಂಡಿ ಒತ್ತಲು ಶುರು ಮಾಡುತ್ತಿದ್ದರು. ನಾನು ಹಾಗೆ ಮಾಡುವವನಲ್ಲ. ಪತ್ರಕ್ಕೆ ಮೊದಲು ಪದ, ಪದಕ್ಕೆ ಮೊದಲು ಅರ್ಥ. ಕ್ಯಾಮೆರಾವನ್ನು ದೇವರ ಜಗುಲಿಯ ಮೇಲಿಟ್ಟು, ಅದರ ಜೊತೆ ಬಂದ ಪುಸ್ತಕವನ್ನು ಕೈಗೆತ್ತಿಕೊಂಡೆ. ಇರುವೆ ಹರಿದಾಡಿದಂಥ ಇಂಗ್ಲಿಷು. ಒಂದು ಉದ್ದ ಹಾಳೆಯ ಮೇಲೆ 'ವ್ಯಾಖ್ಯೆಗಳು' ಎಂದು ಬರೆದು, ಅಡಿಗೆರೆ ಎಳೆದು, ಒಂದೊಂದಾಗಿ ಇಳಿಸತೊಡಗಿದೆ.

'ಮೆಗಾಪಿಕ್ಸೆಲ್ ಅಂದರೆ ಸದರಿ ಕ್ಯಾಮೆರಾ ಒಂದು ಚಿತ್ರಕ್ಕೆ ಇಡುವ ಚುಕ್ಕೆಗಳ ಲೆಕ್ಕ. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಅಂದರೆ ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆ.'

ಇದನ್ನು ಗಿರಿಜಾಗೆ ಓದಿ ಹೇಳಿದೆ. "ಅಷ್ಟು ಚುಕ್ಕಿ ಇಟ್ಟು ರಂಗೋಲಿ ಹಾಕೂದ್ರೊಳಗ ಮುಂದಿನ ಪಂಚಮಿ ಬರ್ತೈತಿ" ಎಂದು ರೊಟ್ಟಿ ತಿರುವಿ ಹಾಕಿದಳು.

'ಐಎಸ್‌ಒ ಅಂದರೆ ಕ್ಯಾಮೆರಾಗೆ ಬೆಳಕು ಎಷ್ಟು ಬೇಗ ತಾಗುತ್ತದೆ ಎಂಬುದರ ಅಳತೆ. ನೂರು ಇದ್ದರೆ ಸಮಾಧಾನದ ಸ್ವಭಾವ. ಆರು ಸಾವಿರದ ನಾನೂರು ಇದ್ದರೆ ಒಂದು ಎಳೆ ಬೆಳಕು ಬಿದ್ದರೂ ಸಾಕು, ಹಿಡಿದುಕೊಂಡು ಗದ್ದಲ ಎಬ್ಬಿಸುತ್ತದೆ.' ನಮ್ಮ ಮನೆಯ ಭಾಷೆಯಲ್ಲಿ ಹೇಳುವುದಾದರೆ ಗೌರಕ್ಕ ನೂರು, ಶಾಂತಕ್ಕ ಆರು ಸಾವಿರದ ನಾನೂರು. ನಾನು ಗೌರಕ್ಕನ ಸ್ವಭಾವವನ್ನೇ ಆರಿಸಿಕೊಂಡು ನೂರಕ್ಕೆ ಇಟ್ಟೆ.

'ವೈಟ್ ಬ್ಯಾಲೆನ್ಸ್ ಅಂದರೆ ಬಿಳಿಯದು ಯಾವುದು ಎಂದು ಕ್ಯಾಮೆರಾಗೆ ಮೊದಲೇ ತಿಳಿಸಿಕೊಡುವುದು.'

"ನಿಮ್ಮ ಅಂಗಿ ತೋರಸಬ್ಯಾಡ್ರಿ ಮತ್ತ" ಎಂದಳು ಗಿರಿಜಾ. "ದಾರಿ ತಪ್ಪತೈತಿ ಅದು."

ಹೀಗೆ ಎಲ್ಲವೂ ಸುಸೂತ್ರವಾಗಿ ಸಾಗಿ, ನಾಲ್ಕನೆಯ ದಿನ ಅಪರ್ಚರ್ ಎಂಬ ಪದಕ್ಕೆ ಬಂದೆ. ಅಪರ್ಚರ್ ಅಂದರೆ ಕ್ಯಾಮೆರಾದ ಕಣ್ಣಿನ ಬಾಗಿಲು, ಬೆಳಕು ಒಳಗೆ ಬರುವ ದಾರಿ. ಇಷ್ಟು ಸರಿ. ಆದರೆ ಪುಸ್ತಕ ಮುಂದುವರಿದು, ಅಂಕಿ ದೊಡ್ಡದಾದಂತೆ ಬಾಗಿಲು ಚಿಕ್ಕದಾಗುತ್ತದೆ ಎಂದು ಹೇಳುತ್ತಿತ್ತು. ಎರಡು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದೆ. ಇಪ್ಪತ್ತೆರಡು ಎಕರೆ ಇರುವವನು ನಾಲ್ಕು ಎಕರೆಯವನಿಗಿಂತ ಸಣ್ಣ ಹಿಡುವಳಿದಾರ ಎಂದು ಬರೆದರೆ ನಮ್ಮ ಸಾಹೇಬರು ಪತ್ರವನ್ನು ಮುಖಕ್ಕೆ ಎಸೆಯುತ್ತಾರೆ. ಇದು ಮುದ್ರಣದ ತಪ್ಪು ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಇಂಥ ತಪ್ಪುಗಳನ್ನು ನಾನು ಸಾವಿರ ಕಂಡಿದ್ದೇನೆ, ತಿದ್ದುವ ಕ್ರಮವೂ ನನಗೆ ಗೊತ್ತು. 'ಚಿಕ್ಕದು' ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ 'ದೊಡ್ಡದು' ಎಂದು ಬರೆದು, ಅಂಚಿನಲ್ಲಿ 'ತಿದ್ದಿದ್ದು ಸರಿ' ಎಂದು ಷರಾ ಹಾಕಿ, ಸಣ್ಣ ಸಹಿ ಮಾಡಿದೆ. ಕ್ಯಾಮೆರಾ ತಯಾರಿಸಿದ ದೇಶಕ್ಕೆ ಒಂದು ಉಪಕಾರ ಮಾಡಿದ ಸಮಾಧಾನದಿಂದ ಊಟಕ್ಕೆ ಎದ್ದೆ.

ನಮ್ಮ ಪಡಸಾಲೆಯಲ್ಲಿ ಬೆಳಕು ಕಡಿಮೆ. ಆದರೂ ಫೋಟೋ ಅಲ್ಲಿಯೇ ಆಗಬೇಕಿತ್ತು, ಏಕೆಂದರೆ ಅಪ್ಪನ ಭಾವಚಿತ್ರ ಇರುವುದು ಅಲ್ಲಿ. ಬೆಳಕು ಕಡಿಮೆ ಇದ್ದಾಗ ಬಾಗಿಲನ್ನು ಹಾರು ಹೊಡೆಯಬೇಕಾದದ್ದು ನ್ಯಾಯ. ಅಪರ್ಚರನ್ನು ಸೀದಾ ಇಪ್ಪತ್ತೆರಡಕ್ಕೆ ತಿರುಗಿಸಿದೆ. ಇನ್ನೊಂದು ಗುಂಡಿಯನ್ನು 'ಎ' ಎಂಬ ಗುರುತಿಗೆ ಇಟ್ಟರೆ ಶಟರಿನ ಕೆಲಸವನ್ನು, ಅಂದರೆ ಕಣ್ಣು ತೆರೆದು ಮುಚ್ಚುವ ಕೆಲಸವನ್ನು, ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ ಎಂದಿತ್ತು. ಅದನ್ನೂ ಮಾಡಿದೆ. ಆಗ ಪರದೆಯ ಮೂಲೆಯಲ್ಲಿ ಎಂಟು ಎಂಬ ಅಂಕಿ ಕಾಣಿಸಿತು. ಅದರ ನೆತ್ತಿಯ ಪಕ್ಕದಲ್ಲಿ ಎರಡು ಸಣ್ಣ ಗೀರು.

ಮನೆಜಾಗದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ಮತ್ತು ಅಳತೆ, ಬರೆಯುವವನಿಗೆ ಈ ಗುರುತನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಗೀರು ಇದ್ದರೆ ಫೂಟು, ಎರಡು ಗೀರು ಇದ್ದರೆ ಇಂಚು. ಎಂಟು ಇಂಚು. ವಸ್ತುವಿಗೂ ವಸ್ತುವಿಗೂ ನಡುವೆ ಎಂಟು ಇಂಚು ಬಿಡಬೇಕು ಎಂದು ಕ್ಯಾಮೆರಾ ಕೇಳುತ್ತಿದೆ. ಪುಸ್ತಕದಲ್ಲಿ ಇದನ್ನು ಹುಡುಕುವ ಅಗತ್ಯವೇ ನನಗೆ ಕಾಣಲಿಲ್ಲ.

ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಕೂಡಿಸಿ, ಬೀಸುಕಲ್ಲು, ಹಿತ್ತಾಳೆಯ ಕೊಡ, ದೀಪದ ಸಮೆ ಈ ಮೂರನ್ನೂ ಎಂಟೆಂಟು ಇಂಚಿನ ಅಂತರದಲ್ಲಿಟ್ಟು ಪರೀಕ್ಷೆ ಮಾಡಿದೆ. ಏನು ಹೇಳಲಿ, ಬೀಸುಕಲ್ಲಿನ ಮೇಲಿನ ಉಳಿಯ ಏಟುಗಳನ್ನು ಎಣಿಸಬಹುದಿತ್ತು. ಹಿಂದಿನ ಗೋಡೆಯ ಮೇಲೆ ಅಪ್ಪನ ಮೀಸೆ ಎಳೆಎಳೆಯಾಗಿ ಮೂಡಿತ್ತು. ನನ್ನ ತಿದ್ದುಪಡಿ ಸರಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಎಂಟು ದಿನ ಬಿಡದೆ ಸಾಧನೆ ಮಾಡಿದೆ. ಅದರಲ್ಲಿ ಒಂದು ಫೋಟೋವನ್ನು ಗಿರಿಜಾ ಬಗ್ಗಿ ನೋಡಿದಳು.

"ಇದನ್ನ ತಗಿಯೂಮುಂದ ನಾ ಇಲ್ಲೇ ಕಸಾ ಹೊಡಿಯಾಕತ್ತಿದ್ನೆಲ್ಲರಿ, ನಾ ಎಲ್ಲಿ ಅದೇನಿ?"

ಅವಳು ಆ ಫೋಟೋದಲ್ಲಿ ಇರಲೇ ಇಲ್ಲ. ಸೆರಗಿನ ತುದಿಯೂ ಇಲ್ಲ. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ಸಮಾಧಾನ ತಂದುಕೊಂಡು, 'ಸಂಬಂಧವಿಲ್ಲದ ವ್ಯಕ್ತಿಗಳನ್ನು ಸದರಿ ಕ್ಯಾಮೆರಾ ತಾನಾಗಿಯೇ ಕೈಬಿಡುತ್ತದೆ' ಎಂದು ವ್ಯಾಖ್ಯೆಗಳ ಕೆಳಗೆ ಟಿಪ್ಪಣಿ ಬರೆದೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳನ್ನು ಸಂಬಂಧವಿಲ್ಲದ ವ್ಯಕ್ತಿ ಎಂದು ಬರೆದದ್ದಕ್ಕೆ ಆ ದಿನ ನನಗೆ ತಣ್ಣನೆಯ ರೊಟ್ಟಿ ಸಿಕ್ಕಿತು.

ಪಂಚಮಿಗೆ ಮೂವರೂ ಬಂದರು. ಗೌರಕ್ಕ ಬಸ್ಸಿಳಿದು ಬರುವಾಗ ನೀಲಕ್ಕನ ಭುಜ ಹಿಡಿದಿದ್ದಳು. ಹೊಸ್ತಿಲಲ್ಲಿ ಕಾಲು ತಡವರಿಸಿದ್ದನ್ನು ನಾನು ನೋಡಿದೆ, ಕೇಳಲಿಲ್ಲ. ಹುತ್ತಕ್ಕೆ ಹಾಲೆರೆದು ಬಂದದ್ದಾಯಿತು, ಜೋಳದ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ ತಿಂದದ್ದಾಯಿತು. ಗೌರಕ್ಕನಿಗೆ ಉಂಡಿ ವರ್ಜ್ಯ. ಅವಳು ಒಂದನ್ನು ಕೈಯಲ್ಲಿ ಹಿಡಿದು ವಾಸನೆ ನೋಡಿ ಶಾಂತಕ್ಕನಿಗೆ ಕೊಟ್ಟಳು. ಮರುದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಮೂವರೂ ತಂತಮ್ಮ ಊರಿನ ಬಸ್ಸು ಹಿಡಿಯುವವರು. ಅದಕ್ಕೆ ಮೊದಲು, ಮೂರು ಗಂಟೆಗೆ ನಾನು ಪಡಸಾಲೆಗೆ ಜಮಖಾನ ಹಾಸಿ ಎಲ್ಲರನ್ನೂ ಕರೆದೆ.

ಗುಂಡಿ ಒತ್ತಲು ಗಿರಿಜಾಗೆ ಹೇಳಬಹುದಿತ್ತು. ಆದರೆ ವ್ಯಾಖ್ಯೆ ಓದದವರ ಕೈಗೆ ಸಾಧನ ಕೊಡುವುದು ನನ್ನ ಪದ್ಧತಿಯಲ್ಲ. ಅದಕ್ಕಾಗಿಯೇ ಸೆಲ್ಫ್ ಟೈಮರ್ ಎಂಬ ಸೌಲಭ್ಯ ಇದೆ: ಒತ್ತಿದ ಹತ್ತು ಸೆಕೆಂಡಿಗೆ ಕ್ಯಾಮೆರಾ ತಾನೇ ಫೋಟೋ ತೆಗೆಯುತ್ತದೆ, ಅಷ್ಟರಲ್ಲಿ ಒತ್ತಿದವನು ಹೋಗಿ ಕುಳಿತುಕೊಳ್ಳಬೇಕು. ಒತ್ತಿದೆ. ಪಂಚೆ ಎತ್ತಿಕೊಂಡು ಓಡಿದೆ. ಕುಳಿತೆ. ಟಕ್ ಎಂದಿತು.

"ಆತು" ಎಂದೆ. ನೀಲಕ್ಕ ಎದ್ದು ನಿಂತಳು. ಶಾಂತಕ್ಕ ನೀರು ಕುಡಿಯಲು ಹೋದಳು. ನಾನು ಕ್ಯಾಮೆರಾದ ಹತ್ತಿರ ಹೋದಾಗ ಅದು ಇನ್ನೊಮ್ಮೆ ಟಕ್ ಎಂದಿತು.

ಪರದೆಯ ಮೇಲೆ ಜಮಖಾನ ಬಹಳ ಚೆನ್ನಾಗಿ ಬಂದಿತ್ತು. ಅಪ್ಪ ಗೋಡೆಯ ಮೇಲೆ ಸ್ಪಷ್ಟವಾಗಿದ್ದ. ಬದುಕಿದ್ದವರಲ್ಲಿ ಕುಳಿತಲ್ಲೇ ಕುಳಿತಿದ್ದ ಗೌರಕ್ಕ ಒಬ್ಬಳು ಮಾತ್ರ ಅಲ್ಪಸ್ವಲ್ಪ ಕಾಣುತ್ತಿದ್ದಳು. ಉಳಿದ ಮೂವರೂ ಒಲೆಯ ಹೊಗೆಯಂತೆ ಇದ್ದೆವು.

ತಪ್ಪು ಯಾರದೆಂದು ವಿಚಾರಿಸಿದೆ. ನನ್ನದಲ್ಲ ಎಂಬುದು ಖಚಿತವಿತ್ತು. ಬೀಸುಕಲ್ಲು ಅಲುಗಾಡಿರಲಿಲ್ಲ, ಅದರ ಫೋಟೋ ಬಂತು. ಅಕ್ಕಂದಿರು ಅಲುಗಾಡಿದರು, ಬರಲಿಲ್ಲ. ಮೇಲಾಗಿ ಅವರು ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದರು, ಎಂಟು ಇಂಚಿನ ಷರತ್ತಿನ ಉಲ್ಲಂಘನೆಯಾಗಿತ್ತು. ಒಳಗಿನಿಂದ ಫೂಟುಪಟ್ಟಿ ತಂದೆ. ಗೌರಕ್ಕನಿಂದ ನೀಲಕ್ಕನಿಗೆ ಎಂಟು ಇಂಚು ಅಳೆದೆ, ನೀಲಕ್ಕನಿಂದ ಶಾಂತಕ್ಕನಿಗೆ ಎಂಟು ಇಂಚು ಅಳೆದೆ. ಜಮಖಾನದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ.

"ಎರಡನೇ ಸಲ ಟಕ್ ಅನ್ನೋಮಟ ಯಾರೂ ಮಿಸುಕಬ್ಯಾಡ್ರಿ" ಎಂದೆ. ಆಮೇಲೆ ಮೂವತ್ತೊಂದು ವರ್ಷದ ರೂಢಿಯಿಂದ ಬಾಯಿ ತಾನೇ ಮುಂದುವರಿಯಿತು. "ನಗಬ್ಯಾಡ್ರಿ. ಸೆರಗು ಹಿಂದ ಸರಸ್ರಿ. ಗದ್ದ ಮ್ಯಾಲ ಮಾಡ್ರಿ."

ಒತ್ತಿ ಓಡಿ ಬಂದು ಕುಳಿತೆ. ಟಕ್. ಪಡಸಾಲೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಶಾಂತಕ್ಕ ನಿಧಾನವಾಗಿ ನನ್ನ ಕಡೆಗೆ ಮುಖ ತಿರುಗಿಸಿ ಕೇಳಿದಳು.

"ಈ ಸಲ ಯಾವ ಕಾಗದಕ್ಕ ಸಹಿ ಬೇಕಾಗೈತಿ ತಮ್ಮಾ?"

ಅವಳು ಚೇಷ್ಟೆಗೆ ಹೇಳಿದಳೋ, ಮನಸ್ಸಿನಲ್ಲಿದ್ದದ್ದನ್ನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀಲಕ್ಕ ತಲೆ ತಗ್ಗಿಸಿದಳು. ನನ್ನ ಕೈಯಲ್ಲಿ ಫೂಟುಪಟ್ಟಿ ಹಾಗೇ ಇತ್ತು. ಅದನ್ನು ಬೆನ್ನ ಹಿಂದೆ ಅಡಗಿಸಲು ಹೋದೆ. ಟಕ್.

ಈ ಫೋಟೋದಲ್ಲಿ ಶಾಂತಕ್ಕನಿಗೆ ಎರಡು ಮುಖ ಬಂದಿದ್ದವು. ನೀಲಕ್ಕನಿಗೆ ಒಂದೂ ಇರಲಿಲ್ಲ. ನನಗೆ ಮೂರು ಕೈ, ಮೂರರಲ್ಲೂ ಪಟ್ಟಿ. ಗೌರಕ್ಕ ಮೂಡಿದ್ದಳು, ಆದರೆ ಅವಳೂ ನೀರೊಳಗಿಂದ ನೋಡಿದ ಹಾಗೆ.

"ಕೊಡಿಲ್ಲೆ, ನೋಡೂಣು" ಎಂದು ಗೌರಕ್ಕ ಕೈ ಚಾಚಿದಳು. ಕೊಡದೆ ಇರುವುದು ಹೇಗೆ? ಅವಳು ಪರದೆಯನ್ನು ಮೂಗಿನ ತನಕ ತಂದುಕೊಂಡು, ತಲೆಯನ್ನು ಆ ಕಡೆ ಈ ಕಡೆ ಸರಿಸಿ ಬಹಳ ಹೊತ್ತು ನೋಡಿದಳು.

"ಚಲೋ ಬಂದೈತಲ್ಲ" ಎಂದಳು. "ಎಲ್ಲಾರೂ ಅದೇವಿ."

ಶಾಂತಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಅವಳ ಕಣ್ಣು ಎಷ್ಟು ಹೋಗಿದೆ ಎಂದು ನಮಗೆಲ್ಲ ತಿಳಿದದ್ದು ಆಗಲೇ. ಫೋನಿನಲ್ಲಿ ಅವಳು ಅರ್ಧ ಮಾತ್ರ ಹೇಳಿದ್ದಳು. ಹೊಲದ ಪತ್ರದ ದಿನವೂ ಇವಳು ಹೀಗೇ ಹಾಳೆಯನ್ನು ಕೈಯಲ್ಲಿ ಹಿಡಿದು, ಓದಲು ಬರುತ್ತಿದ್ದರೂ ಓದದೆ, "ನೀ ಬರದೀ ಅಂದ್ರ ಸರಿ ಇರ್ತೈತಿ, ಎಲ್ಲಿ ಒತ್ತಲಿ ಹೇಳು" ಎಂದಿದ್ದಳು. ಆ ದಿನ ನಾನು ಜಾಗ ತೋರಿಸಿದ್ದೆ. ಈ ದಿನವೂ ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಚಲೋ ಬಂದಿದೆ ಎಂದು ನಂಬಿ ಅವಳು ಸವಣೂರಿಗೆ ಹೋಗುತ್ತಿದ್ದಳು.

"ಅಕ್ಕಾ, ಕೆಟ್ಟೈತಿ ಅದು" ಎಂದೆ. "ನಮ್ಮ ಯಾರ ಮಾರೀನೂ ಬಂದಿಲ್ಲ. ತಪ್ಪು ನಂದ ಐತಿ. ತಿಳೀದ ತಿಳದಂಗ ಮಾಡಿದೆ."

ಗೌರಕ್ಕ ಕ್ಯಾಮೆರಾವನ್ನು ತೊಡೆಯ ಮೇಲೆ ಇಳಿಸಿದಳು. "ನಂಗ ಗೊತ್ತಾತು ಬಿಡೋ. ಶಾಂತಿ ಸುಮ್ನ ಕುಂತಾಳಂದ್ರ ಏನೋ ಕೆಟ್ಟಿರಬೇಕು ಅಂತ." ಮೊದಲು ನಕ್ಕವಳು ಶಾಂತಕ್ಕ. ಅವಳು ನಗುತ್ತಲೇ ಕಣ್ಣೊರೆಸಿಕೊಂಡು ಗೌರಕ್ಕನ ಪಕ್ಕಕ್ಕೆ ಸರಿದಳು. ನನ್ನ ಎಂಟು ಇಂಚು ಅಲ್ಲಿಗೆ ಮುಗಿಯಿತು.

"ಗಿರಿಜಾ, ನೀ ತಗಿ" ಎಂದಳು ಗೌರಕ್ಕ. "ಚನ್ನಾ, ನೀ ಇಲ್ಲಿ ಬಂದು ಕುಂದ್ರು. ಆ ಪಟ್ಟಿ ಕೆಳಗ ಒಗಿ."

ಗಿರಿಜಾ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡಳು. ಯಾವ ವ್ಯಾಖ್ಯೆಯನ್ನೂ ಓದದ ಆ ಹೆಂಗಸು ಮೇಲಿನ ಗುಂಡಿಯಲ್ಲಿ ಹಸಿರು ಬಣ್ಣದ್ದಾಗಿದ್ದ ಒಂದೇ ಒಂದು ಗುರುತನ್ನು ನೋಡಿ ಅಲ್ಲಿಗೆ ತಿರುಗಿಸಿದಳು. "ಹಸರು ಅಂದ್ರ ಹೋಗು ಅಂತಲ್ರಿ" ಎಂದಳು. ನಾನು ಅಕ್ಕಂದಿರ ನಡುವೆ ತೂರಿಕೊಂಡೆ. ಗೌರಕ್ಕನ ಕೈ ನನ್ನ ತಲೆಯ ಮೇಲೆ ಬಂತು. ಶಾಂತಕ್ಕ ಫೂಟುಪಟ್ಟಿಯ ಬಗ್ಗೆ ಇನ್ನೇನೋ ಅಂದಳು, ಮೂವರೂ ಜೋರಾಗಿ ನಕ್ಕರು. ಅಷ್ಟರಲ್ಲಿ ಕ್ಯಾಮೆರಾದ ತಲೆಯಿಂದ ಏನೋ ಪುಟಿದೆದ್ದು ಪಡಸಾಲೆಗೆ ಮಿಂಚು ಹೊಡೆಯಿತು.

ಅದು ಫ್ಲ್ಯಾಶ್, ಹಸಿರು ಗುರುತಿಗೆ ಇಟ್ಟರೆ ಬೇಕಾದ ಬೆಳಕನ್ನು ಕ್ಯಾಮೆರಾ ತಾನೇ ಹಚ್ಚಿಕೊಳ್ಳುತ್ತದೆ. ಆ ಪದ ಹನ್ನೆರಡನೆಯ ಅಧ್ಯಾಯದಲ್ಲಿತ್ತು. ನಾನು ಒಂಬತ್ತರಲ್ಲಿ ನಿಂತಿದ್ದೆ. ಎರಡು ಗೀರು ಅಂದರೆ ಇಂಚಲ್ಲ ಸೆಕೆಂಡು, ನಾನು ಚಿಕ್ಕದು ಮಾಡಿಟ್ಟ ಬಾಗಿಲಿನಿಂದ ಬೆಳಕು ಸಾಲದೆ ಕ್ಯಾಮೆರಾ ಎಂಟು ಸೆಕೆಂಡು ಕಣ್ಣು ತೆರೆದೇ ಇರುತ್ತಿತ್ತು ಎಂಬುದು ಹತ್ತರಲ್ಲಿತ್ತು.

ಇನ್ನೊಂದು ತೆಗೆಯೋಣ ಎಂದು ನಾನು ಹೇಳುವಷ್ಟರಲ್ಲಿ ಕ್ಯಾಮೆರಾ ಕಪ್ಪಾಯಿತು. ಬೀಸುಕಲ್ಲಿನ ಸೇವೆಯಲ್ಲಿ ಎಂಟು ದಿನ ಕಳೆದ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಬ್ಯಾಟರಿ ಎಂಬ ಪದ ಎಲ್ಲರಿಗೂ ಗೊತ್ತಿರುವಂಥದ್ದು ಎಂದು ಅದಕ್ಕೊಂದು ವ್ಯಾಖ್ಯೆ ಬರೆದಿರಲಿಲ್ಲ. ಹೊರಗೆ ಆಟೋದವನು ಹಾರ್ನು ಹೊಡೆಯತೊಡಗಿದ್ದ. ಗಿರಿಜಾ ಮೂವರಿಗೂ ಉಂಡಿಯ ಬುತ್ತಿ ಕಟ್ಟಿಕೊಟ್ಟು, ಉಡಿ ತುಂಬಿ ಕಳಿಸಿದಳು.

ಎರಡು ವಾರ ಕಳೆದು, ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ಸವಣೂರಿಗೆ ಒಯ್ದೆ. ಗೌರಕ್ಕನ ಕಣ್ಣಿಗೆ ಎರಡು ಸೂಜಿ ಆಗಿದ್ದವು. ಅಂಗಳದ ಬಿಸಿಲಿಗೆ ಹಿಡಿದು ಅವಳು ಒಂದೊಂದೇ ಮುಖವನ್ನು ಹುಡುಕಿ ನೋಡಿದಳು. ನೀಲಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾಳೆ. ಶಾಂತಕ್ಕನ ಹಲ್ಲು ಮೂವತ್ತೆರಡೂ ಕಾಣುತ್ತವೆ. ಗೌರಕ್ಕನ ಕಣ್ಣು ಅಗಲವಾಗಿ ತೆರೆದಿವೆ. ಆ ಮಿಂಚು ಅವಳಿಗೆ ಚುಚ್ಚಲೇ ಇಲ್ಲವಂತೆ, "ಯಾರೋ ದೀಪ ತಂದಂಗಾತು ಅಷ್ಟ" ಎಂದಳು. ಆಮೇಲೆ ಅವಳ ಬೆರಳು ನನ್ನ ಮುಖದ ಮೇಲೆ ಬಂದು ನಿಂತಿತು.

"ನೀ ಯಾಕೋ ಕಣ್ಣು ಮುಚ್ಚಿ?"

ಹೌದು. ನಾಲ್ವರಲ್ಲಿ ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಇಷ್ಟನ್ನೂ ಓದಿಕೊಂಡು ಕುಳಿತವನು ಒಬ್ಬನೇ. ಆ ಫೋಟೋದಲ್ಲಿ ಏನೂ ಕಾಣದೆ ಕುಳಿತವನೂ ಅವನೇ.